ಚಪ್ಪಲಿ ಬಿಡುವ ಜಾಗ

ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಒಂದು ವಿರಕ್ತಮಠವಿದೆ. ನಮ್ಮ ಸೀಮೆಯಲ್ಲಿ ಮಠ ಇರುವುದು ಸುದ್ದಿಯೇನಲ್ಲ. ಕಿತ್ತೂರಿನಲ್ಲಿ ಕಲ್ಮಠ, ಮುರಗೋಡದಲ್ಲಿ ಮಹಾಂತಜ್ಜನ ಮಠ, ನಡುವಿನ ಹಳ್ಳಿಗಳಲ್ಲಿ ಹೆಸರು ಹೇಳುತ್ತ ಹೋದರೆ ಹೊತ್ತು ಮುಳುಗೀತು. ದೇಶನೂರಿನ ಮಠದ ಪೂರ್ತಿ ಹೆಸರು ಮಾತ್ರ ಕೇಳಿದವರನ್ನು ನಿಲ್ಲಿಸುತ್ತದೆ: ಸ್ನಾನಿಕ ಅರುಳಪ್ಪನವರ ವಿರಕ್ತಮಠ. ಜೋರ್ಡಾನ್ ಹೊಳೆಯಲ್ಲಿ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತನನ್ನು ಕನ್ನಡ ಕಥೋಲಿಕರು ಅರುಳಪ್ಪ ಎಂದು ಕರೆಯುತ್ತ ಬಂದಿದ್ದಾರೆ. ಮಠದ ಸ್ವಾಮಿಗಳು ಜೆಸ್ವಿಟ್ ಪಾದ್ರಿಗಳು. ಕಾವಿ ಉಡುತ್ತಾರೆ, ಮಾಂಸ ಮುಟ್ಟುವುದಿಲ್ಲ. ಇಲ್ಲಿಯ ಯೇಸು ಪದ್ಮಾಸನ ಹಾಕಿ ಧ್ಯಾನಕ್ಕೆ ಕುಳಿತಿದ್ದಾನೆ.

ನಾನು ಲಿಂಗಾಯತರ ಮನೆಯವನು. ಇದೇ ತಾಲ್ಲೂಕಿನ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದೆ. ನಮ್ಮವ್ವ ಇದ್ದಾಗ ಒಮ್ಮೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ, ಯಾರ ಮಠ ಎಂದು ಮೊದಲೇ ಹೇಳಿರಲಿಲ್ಲ. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಸೆರಗು ತಲೆಗೆ ಎಳೆದುಕೊಂಡಳು, ಒಳಗೆ ಹೋಗಿ ನೆಲಕ್ಕೆ ಹಣೆ ಹಚ್ಚಿದಳು, ದೀಪದ ಮುಂದೆ ಸುಮಾರು ಹೊತ್ತು ಕುಳಿತಳು. ಹೊರಗೆ ಬಂದ ಮೇಲೆ, "ಈ ಅಜ್ಜಾರು ಯಾವ ಪರಂಪರೆಯವರು?" ಎಂದಳು. ಹೇಳಿದೆ.

"ಹೌದಾ? ಮತ್ತ ಒಳಗ ಕುರ್ಚಿ ಇಲ್ಲಲ್ಲೋ!"

ಅವಳಿಗೆ ಕ್ರೈಸ್ತರ ದೇವರಮನೆಯ ಗುರುತು ಶಿಲುಬೆಗಿಂತ ಮೊದಲು ಕುರ್ಚಿ. ನಾನು ನಕ್ಕೆ. ಆದರೆ ನಮ್ಮ ಭಾಗದ ಇನ್ನೂರು ವರ್ಷದ ಚರಿತ್ರೆಯನ್ನು ಓದುತ್ತ ಹೋದ ಹಾಗೆ ಅವಳು ಹೇಳಿದ್ದರಲ್ಲಿ ಬಹಳ ತಥ್ಯ ಕಂಡಿತು. ದೇವರ ಹತ್ತಿರ ಹೋಗುವುದೆಂದರೆ ಮನಸ್ಸಿನ ಕೆಲಸ ಎಂದು ಧರ್ಮಗ್ರಂಥಗಳು ಹೇಳಲಿ. ಊರಿನ ಜನ ನೋಡುವುದು ಮೈಯನ್ನು. ಕಾಲಲ್ಲಿ ಏನಿತ್ತು, ತಲೆಯ ಮೇಲೆ ಏನಿತ್ತು, ಎಲ್ಲಿ ಕೂತರು, ಎಲ್ಲಿಯವರೆಗೆ ಬಿಟ್ಟರು, ಎಲ್ಲಿ ತಡೆದರು.

ಕುರ್ಚಿ ಬಂದದ್ದು ದಂಡಿನ ಜೊತೆ. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಗೆ ಹೋಯಿತು. ಎರಡು ವರ್ಷಕ್ಕೆ, 1820ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದ. ಅವನನ್ನು ಕರೆಸಿಕೊಂಡವನು ಜನರಲ್ ಪ್ರಿಟ್ಜ್ಲರ್ ಎಂಬ ಸೇನಾಧಿಕಾರಿ. ಅಂದರೆ ಬೆಳಗಾವಿಯ ಜನ ಕಂಡ ಮೊದಲ ಪ್ರೊಟೆಸ್ಟಂಟ್ ಪ್ರಾರ್ಥನೆ ಕ್ಯಾಂಪಿನ ಪ್ರಾರ್ಥನೆ. ಬೂಟು ಕಾಲಲ್ಲೇ, ಟೊಪ್ಪಿಗೆ ಕೈಯಲ್ಲಿ, ಸಾಲಾಗಿ ಬೆಂಚು. ನಮ್ಮಲ್ಲಿ ತಲೆಗೆ ರುಮಾಲು ಸುತ್ತಿ, ಕಾಲು ಬರಿದು ಮಾಡಿಕೊಂಡು ದೇವರ ಮುಂದೆ ಹೋಗುತ್ತಾರೆ. ಅವರು ತಲೆ ಬರಿದು ಮಾಡಿ ಕಾಲು ಮುಚ್ಚಿಕೊಂಡು ಹೋಗುತ್ತಿದ್ದರು. ನೋಡಿದವರಿಗೆ ಎಲ್ಲವೂ ಬುಡಮೇಲಾಗಿ ಕಂಡಿದ್ದರೆ ತಪ್ಪೇನು?

ಟೇಲರ್ ಬಂದ ನಾಲ್ಕು ವರ್ಷಕ್ಕೆ ಕಿತ್ತೂರಿನ ಯುದ್ಧ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಬಿದ್ದ. ಡಿಸೆಂಬರಿನಲ್ಲಿ ಕೋಟೆಯೂ ಬಿತ್ತು. ಚೆನ್ನಮ್ಮರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು, 1829ರಲ್ಲಿ ಅಲ್ಲಿಯೇ ತೀರಿಕೊಂಡಳು. ಮಿಷನರಿಗಳಿಗೂ ಈ ಯುದ್ಧಕ್ಕೂ ಸಂಬಂಧವಿರಲಿಲ್ಲ ಎಂದು ಪುಸ್ತಕದಲ್ಲಿ ಬರೆಯಬಹುದು. ಆದರೆ ರಾಣಿಯ ಸಮಾಧಿ ಇರುವ ಊರಿನಲ್ಲಿ ಬಿಳಿಯ ಪಾದ್ರಿ ಬಂದು ಸುವಾರ್ತೆ ಸಾರಿದರೆ, ಕೇಳುವವರ ಕಿವಿಯಲ್ಲಿ ಅದು ಸಾಹೇಬರ ದೇವರ ಸುದ್ದಿಯಾಗಿಯೇ ಬಿದ್ದಿರಬೇಕು.

1828ರಲ್ಲಿ ವಿಲಿಯಂ ಬೇನನ್ ಬಳ್ಳಾರಿಯಿಂದ ಬಂದು ಟೇಲರನ ಜೊತೆಯಾದ. ಬೆಳಗಾವಿಯ ಬೇನನ್ ಸ್ಮಿತ್ ಹೈಸ್ಕೂಲಿನ ಹೆಸರಿನಲ್ಲಿ ಅವನು ಈಗಲೂ ಇದ್ದಾನೆ. 1832ರಲ್ಲಿ ಶುರುವಾದ ಶಾಲೆ ಅದು. ಈ ಪಾದ್ರಿಗಳು ಊರಲ್ಲಿ ಕೂತು ಜನ ಬರಲಿ ಎಂದು ಕಾದವರಲ್ಲ. ಜನ ಎಲ್ಲಿ ಸೇರುತ್ತಾರೋ ಅಲ್ಲಿಗೆ ಹೋದರು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಹತ್ತಿದರು.

ಆ ಗುಡ್ಡದ ಮೇಲೆ ಎರಡು ಬಗೆಯ ಭಕ್ತಿ ಎದುರಾಬದುರಾಗಿ ನಿಂತದ್ದನ್ನು ನೆನೆಸಿಕೊಳ್ಳುತ್ತೇನೆ. ಭಾರತ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ವಾರಗಟ್ಟಲೆ ದಾರಿ ಸವೆಸಿ ಬಂದವರು ಜೋಗುಳಬಾವಿಯಲ್ಲಿ ಮೀಯುತ್ತಾರೆ, ಮೈಗೆ ಬೇವು ಸುತ್ತಿಕೊಳ್ಳುತ್ತಾರೆ, ದೀಡ ನಮಸ್ಕಾರ ಹಾಕುತ್ತ ಏರುತ್ತಾರೆ, ಉಧೋ ಉಧೋ ಎಂದು ಕೂಗಿ ಭಂಡಾರ ತೂರುತ್ತಾರೆ. ಈ ಕಡೆ ರಾಮದುರ್ಗ ತಾಲ್ಲೂಕಿನ ಗೊಡಚಿಗೆ ಹೋದರೆ ವೀರಭದ್ರನ ಮುಂದೆ ಪುರವಂತರು ಗಲ್ಲಕ್ಕೆ ಶಸ್ತ್ರ ಹಾಕಿಕೊಂಡು ಕುಣಿಯುತ್ತಾರೆ. ದೇವರ ಸನ್ನಿಧಿ ಅಂದರೆ ಅದು ನಡೆದು, ಉರುಳಿ, ಉಪವಾಸ ಬಿದ್ದು ತಲುಪುವ ಜಾಗ. ಅಲ್ಲಿಗೆ ಬಂದ ಪಾದ್ರಿ ಒಂದು ಗಿಡದ ನೆರಳಿಗೆ ನಿಂತು ಪುಸ್ತಕ ತೆಗೆದು ಓದುತ್ತಾನೆ. ಅವನ ದೇವರು ಕಿವಿಯಿಂದ ಒಳಗೆ ಬರುವ ದೇವರು. ನೀನು ಎಲ್ಲಿಗೂ ಹೋಗಬೇಕಿಲ್ಲ, ನಿಂತಲ್ಲೇ ಕೇಳು, ನಂಬು, ಅಷ್ಟೇ. ಬಂಡಿ ಹೊಡೆದು ಸೊಂಟ ಹಿಡಿದ ರೈತನಿಗೆ ಇದು ಬಹಳ ಅಗ್ಗದ ದೇವರಾಗಿ ಕಂಡಿರಬೇಕು. ಹತ್ತಿದ ಗುಡ್ಡಕ್ಕೆ ಲೆಕ್ಕವೇ ಇಲ್ಲವೆಂದರೆ ಹೇಗೆ?

(ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ನಾನು ಇಲ್ಲಿ ಮರೆತಿಲ್ಲ. 1982ರ ಕಾಯ್ದೆ ಬರುವವರೆಗೆ, ಬಂದ ಮೇಲೂ, ಆ ಗುಡ್ಡ ಯಾರ ಮೈಯಿಂದ ಏನನ್ನು ಕೇಳುತ್ತಿತ್ತು ಎಂಬುದು ಈ ಕಡೆಯ ಶಾಲಾ ಮಾಸ್ತರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟ ಮಕ್ಕಳಿಗೆ ಪಾಠ ಹೇಳಿದವನು ನಾನು.)

ಕಿವಿಯ ದೇವರಿಗೆ ಕನ್ನಡ ಬೇಕಾಯಿತು, ಅದನ್ನು ಅವರು ಶ್ರದ್ಧೆಯಿಂದ ಕಲಿತರು. ಟೇಲರನ ಗುರು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದ. ಧಾರವಾಡಕ್ಕೆ 1837ರಲ್ಲಿ ಬಾಸೆಲ್ ಮಿಷನ್ ಬಂತು. ಅದರ ಪಾದ್ರಿ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಕನ್ನಡನಾಡಿಗೆ ಬಂದವನು, 1894ರ ನಿಘಂಟಿನಿಂದ ನಮಗೆಲ್ಲ ಗೊತ್ತಿರುವವನು. 1862ರಲ್ಲಿ ಅವನು 'ಕಥಾಮಾಲೆ' ಎಂಬ ಕಾವ್ಯ ಬರೆದ. ಯೇಸುವಿನ ಕಥೆ, ನಮ್ಮ ಛಂದಸ್ಸು. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿ ಬೆಳೆದ ಊರಿಗೆ ಯಾವ ಬಾಗಿಲಿಂದ ಹೋಗಬೇಕು ಎಂದು ಜರ್ಮನಿಯ ಈ ಮನುಷ್ಯನಿಗೆ ತಿಳಿದಿತ್ತು. ನನ್ನ ಮಟ್ಟಿಗೆ ಮಿಷನರಿಗಳು ಮಾಡಿದ ಕೆಲಸಗಳಲ್ಲಿ ಶಾಲೆ, ಆಸ್ಪತ್ರೆಗಳ ಸಾಲಿನಲ್ಲೇ ಇದನ್ನೂ ಇಡಬೇಕು. ನಮ್ಮವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಇನ್ನೂ ಮುಂದೆ ಹೋದರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದುಕೊಂಡು ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ವಚನಗಳನ್ನು ಬೈಬಲಿನಷ್ಟೇ ಪ್ರೀತಿಯಿಂದ ಓದಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಲಿಂಗಾಯತರ ಸಭೆಗಳಲ್ಲಿ ಅವರಿಗೆ ಸಿಕ್ಕ ಗೌರವ ಎಷ್ಟೋ ಮಠಾಧೀಶರಿಗೂ ಸಿಕ್ಕಿಲ್ಲ.

ಇಷ್ಟಾದರೂ ಬೂಟು, ಬೆಂಚು ಪಟ್ಟಣದ ಚರ್ಚುಗಳಲ್ಲಿ ಉಳಿದೇ ಉಳಿದವು.

ಕಥೋಲಿಕರ ದಾರಿ ಬೇರೆ. ಕ್ಯಾಂಪಿನ ದಾರಿಗಿಂತ ಬಹಳ ಹಳೆಯದು, ಬಹಳ ಸುತ್ತಿನದು. 1606ರಲ್ಲಿ ಮಧುರೆಗೆ ಬಂದ ಇಟಲಿಯ ರೊಬೆರ್ತೊ ದೆ ನೊಬಿಲಿ ಸಂನ್ಯಾಸಿಯ ವೇಷ ತೊಟ್ಟ, ಮಾಂಸ ಬಿಟ್ಟ, ಸಂಸ್ಕೃತ ಕಲಿತ. ಅದೇ ಶತಮಾನದ ನಡುವಿನಲ್ಲಿ ಲಿಯೊನಾರ್ದೊ ಚಿನ್ನಾಮಿ ಎಂಬ ಇನ್ನೊಬ್ಬ ಜೆಸ್ವಿಟ್ ಶ್ರೀರಂಗಪಟ್ಟಣಕ್ಕೆ ಬಂದು ಹಾಗೆಯೇ ಬದುಕಿ ಕನ್ನಡದಲ್ಲಿ ಬರೆದ. ರೋಮ್ ಒಮ್ಮೆ ಒಪ್ಪಿತು, ಒಮ್ಮೆ ಸಿಟ್ಟಾಯಿತು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಜನಿವಾರ, ಜುಟ್ಟು, ಗಂಧಕ್ಕೆ ಅಪ್ಪಣೆ ಕೊಟ್ಟ. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಇಂಥ ಆಚಾರಗಳ ಮೇಲೆ ಬಾಗಿಲು ಹಾಕಿದ. ಆ ಬಾಗಿಲು ತೆರೆಯಲು ಇನ್ನೂರು ವರ್ಷ ಹಿಡಿಯಿತು.

ಆಮೇಲೆ ಬಂದದ್ದು 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ. ಲತೀನ್ ಹಿಂದೆ ಸರಿದು ಬಲಿಪೂಜೆ ಕನ್ನಡಕ್ಕೆ ಬಂತು. ಬೆಂಗಳೂರಿನಲ್ಲಿ ಅಮಲೋರ್ಪವದಾಸ್ ಎಂಬ ಪಾದ್ರಿ 1967ರಲ್ಲಿ ಒಂದು ಕೇಂದ್ರ ಕಟ್ಟಿ, ಭಾರತದ ಕಥೋಲಿಕರು ದೇವರ ಮುಂದೆ ಭಾರತದವರ ಹಾಗೆ ನಿಲ್ಲಬೇಕೆಂದು ವಾದಿಸಿದರು. 1969ರ ಏಪ್ರಿಲ್ 25ರಂದು ರೋಮಿನಿಂದ ಒಂದು ಕಾಗದ ಬಂತು, ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟು. ಅದನ್ನು ಮೊದಲ ಸಲ ಓದಿದಾಗ ನನಗೆ ಖುಷಿಯೂ ಆಯಿತು, ನಗುವೂ ಬಂತು. ಚಪ್ಪಲಿ ಹೊರಗೆ ಬಿಡಬಹುದು. ನೆಲದ ಮೇಲೆ ಕೂಡಬಹುದು. ಒಂದು ಮೊಣಕಾಲೂರುವ ಬದಲು ಕೈಮುಗಿದು ಬಾಗಬಹುದು. ಪಶ್ಚಾತ್ತಾಪದ ಹೊತ್ತಿಗೆ ಪಂಚಾಂಗ ನಮಸ್ಕಾರ ಹಾಕಬಹುದು. ಮೇಣದಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ, ಸರಪಳಿಯ ಧೂಪದಾನಿಯ ಜಾಗದಲ್ಲಿ ಹಿಡಿಕೆಯ ಧೂಪಾರತಿ, ಬಲಿಪೀಠದ ಬಟ್ಟೆಯ ಮೇಲೆ ಇಡುತ್ತಿದ್ದ ರೊಟ್ಟಿ ಮತ್ತು ಪಾತ್ರೆಗೆ ಒಂದು ತಾಟು, ಪಾದ್ರಿಯ ಹೆಗಲಿಗೆ ಶಾಲು, ಕಾಣಿಕೆಯ ಹೊತ್ತಿಗೆ ಹೂವು ದೀಪ ಧೂಪದ ಆರತಿ. ನೆಲದ ಮೇಲೆ ಕೂಡಲಿಕ್ಕೆ ಸಮುದ್ರದಾಚೆಯಿಂದ ಪರವಾನಗಿ ತರಿಸಿದ ಜನ ಲೋಕದಲ್ಲಿ ಮತ್ತೊಬ್ಬರಿರಲಿಕ್ಕಿಲ್ಲ.

ಬೆಳಗಾವಿಯ ಸುತ್ತಲ ಕಥೋಲಿಕ ಸಭೆ ಬಹುಪಾಲು ಗೋವಾದ ಕಡೆಗೆ ಮುಖ ಮಾಡಿದ್ದು. 1953ರ ಸೆಪ್ಟೆಂಬರ್ 19ರಂದು ಗೋವಾ ಮತ್ತು ಪುಣೆಯ ಆಡಳಿತದಿಂದ ಭಾಗ ಬಿಡಿಸಿ ಬೆಳಗಾವಿ ಧರ್ಮಪ್ರಾಂತವನ್ನು ಮಾಡಿದರು. ಜೆಸ್ವಿಟರೂ ಗೋವಾದಿಂದಲೇ ಘಟ್ಟ ಹತ್ತಿ ಬಂದವರು, ಕೊಂಕಣಿ ಮನೆಮಾತಿನವರು, ಮೀನು ತಿಂದು ಬೆಳೆದವರು. ಅವರಲ್ಲಿ ಅರ್ಮಾಂದೊ ಆಲ್ವಾರಿಸ್ ಎಂಬವರು ದೇಶನೂರಿಗೆ ಬಂದು ಅಮಲಾನಂದ ಸ್ವಾಮಿಗಳಾದರು. ಸುತ್ತಲಿನ ಲಿಂಗಾಯತ ಹಳ್ಳಿಗಳಲ್ಲಿ ದೇವರ ಮನುಷ್ಯ ಹೇಗಿರುತ್ತಾನೆ ಎಂದು ನೋಡಿ ಹಾಗೆ ಇರಲು ಹೊರಟರು. ಮೀನು ಬಿಟ್ಟು ಜೋಳದ ರೊಟ್ಟಿಗೆ ಒಗ್ಗಿಕೊಳ್ಳುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಕಾವಿಯನ್ನಾದರೂ ಒಂದು ದಿನ ಉಡಬಹುದು, ನಾಲಿಗೆಯನ್ನು ಜನ್ಮಪೂರ್ತಿ ಬದಲಿಸಬೇಕು.

ಇದು ವೇಷ, ಜನರನ್ನು ಮರುಳು ಮಾಡುವ ಉಪಾಯ ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ಸೀತಾರಾಮ ಗೋಯಲ್ 1988ರಲ್ಲಿ ಕಥೋಲಿಕ ಆಶ್ರಮಗಳ ಮೇಲೆ ಒಂದು ಪುಸ್ತಕವನ್ನೇ ತಂದರು. ಕಥೋಲಿಕರ ಒಳಗೂ ಹನ್ನೆರಡು ಅಂಶಗಳನ್ನು ಕಂಡು ಕೆಂಡವಾದವರು ಕಡಿಮೆಯಿರಲಿಲ್ಲ, ಗುಡಿಯ ಆಚಾರ ಚರ್ಚಿಗೆ ನುಗ್ಗಿತೆಂದು. ಎರಡೂ ಕಡೆಯವರು ಬೈದರೆ ಕೆಲಸ ಸರಿಯಾಗಿದೆ ಎಂದು ಹೇಳುವ ಚಾಳಿಯೊಂದಿದೆ, ನಾನು ಅದನ್ನು ನಂಬುವವನಲ್ಲ. ಮೋಸವೋ ಅಲ್ಲವೋ ಎಂದು ತೂಗಲು ನನಗಿರುವ ಅಳತೆ ಕಾಲ ಒಂದೇ. ಅಷ್ಟು ವರ್ಷ, ಒಂದೇ ಹಳ್ಳಿಯಲ್ಲಿ, ಯಾರೂ ನೋಡದ ಹೊತ್ತಿನಲ್ಲೂ ಅದೇ ಊಟ ಅದೇ ಉಡುಪು. ಇಂಥದನ್ನು ವೇಷ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಸಂಗತಿ. ಚಪ್ಪಲಿ ಬಿಡುವುದು ಹಿಂದೂಗಳಿಂದ ಎರವಲು ತಂದದ್ದು ಎಂದು ಎರಡೂ ಕಡೆಯವರು ತಿಳಿದಂತಿದೆ. ಬೈಬಲಿನಲ್ಲಿ ಮೋಶೆ ಕುರಿ ಕಾಯುತ್ತ ಹೋದಾಗ ಉರಿದರೂ ಸುಡದ ಪೊದೆಯೊಂದನ್ನು ಕಾಣುತ್ತಾನೆ. ಒಳಗಿಂದ ಬಂದ ದೇವರ ಮೊದಲ ಅಪ್ಪಣೆಗಳಲ್ಲಿ ಒಂದು, ಕಾಲಿನ ಕೆರ ಬಿಚ್ಚು ಎಂಬುದು. ಆ ನೆಲ ಪವಿತ್ರವಾದದ್ದು. ದೇಶನೂರಿನ ಬಾಗಿಲಲ್ಲಿ ನಮ್ಮವ್ವ ಮಾಡಿದ್ದು ಮೋಶೆ ಮಾಡಿದ್ದನ್ನೇ. ಬೂಟು ಹಾಕಿಕೊಂಡು ಒಳಗೆ ಹೋಗುವುದು ಬೈಬಲಿನ ಆಚಾರವಲ್ಲ, ಚಳಿದೇಶದ ಆಚಾರ.

ಲಿಂಗಾಯತರಿಗೆ ಬೈಬಲಿನ ಮತ್ತೊಂದು ಪ್ರಸಂಗ ಬೇಗ ಒಗ್ಗುತ್ತದೆ, ಇದನ್ನು ನಾನು ತರಗತಿಯಲ್ಲೂ ಹೇಳಿದ್ದುಂಟು. ಯೆರೂಸಲೇಮಿನ ಗುಡಿಯಲ್ಲಿ ಒಂದು ಪರದೆ. ಅದರಾಚೆಯ ಗರ್ಭಗುಡಿಗೆ ವರ್ಷಕ್ಕೊಮ್ಮೆ, ಮಹಾಯಾಜಕನೊಬ್ಬನಿಗೆ ಮಾತ್ರ ಪ್ರವೇಶ. ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ಗಳಿಗೆಯಲ್ಲಿ ಆ ಪರದೆ ಮೇಲಿನಿಂದ ಕೆಳಗಿನವರೆಗೆ ಸೀಳಿತು ಎಂದು ಮತ್ತಾಯ ಬರೆಯುತ್ತಾನೆ. ಇನ್ನು ಧೈರ್ಯವಾಗಿ ಒಳಗೆ ಬನ್ನಿ ಎಂಬುದು ಇಬ್ರಿಯರಿಗೆ ಬರೆದ ಪತ್ರದ ಮಾತು. ಹನ್ನೆರಡನೆಯ ಶತಮಾನದ ಶರಣರು ಗರ್ಭಗುಡಿಯ ಲಿಂಗವನ್ನು ಅಂಗೈಗೆ ತಂದುಕೊಂಡಾಗ ಮಾಡಿದ್ದೂ ಇಂಥದೇ. ಪೂಜಾರಿಯ ಕೈ ತಪ್ಪಿಸಿದ್ದು. ದೇಶನೂರಿನ ಪಾದ್ರಿಗಳು ಬೇರೆ ಯಾವ ಪಂಥವನ್ನೂ ಹಿಡಿಯದೆ ವಿರಕ್ತಮಠವನ್ನೇ ಹಿಡಿದದ್ದಕ್ಕೆ ಸುತ್ತಲಿನ ಜನಸಂಖ್ಯೆ ಕಾರಣವಿರಬಹುದು. ನನಗೆ ಅದರಲ್ಲಿ ಈ ನೆಂಟಸ್ತಿಕೆಯೂ ಕಾಣುತ್ತದೆ.

ಇದನ್ನೆಲ್ಲ ನಾನು ಉಮೇದಿನಿಂದ ಹೇಳುವಾಗ ಮುಖ ಸಿಂಡರಿಸುವವನು ನನ್ನ ಜೊತೆ ಮಾಸ್ತರಿಕೆ ಮಾಡಿದ ಒಬ್ಬ ಗೆಳೆಯ. ಮೆಥೊಡಿಸ್ಟ್ ಸಭೆಯವನು. ಲಂಡನ್ ಮಿಷನ್ 1904ರಲ್ಲಿ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿತು. ಮುಂದಿನ ದಶಕಗಳಲ್ಲಿ ನಮ್ಮ ಹಳ್ಳಿಗಳ ದಲಿತ ಕೇರಿಗಳಿಂದ ಬಹಳ ಮಂದಿ ಆ ಸಭೆಗೆ ಸೇರಿದರು. ಅವನ ಅಜ್ಜನೂ ಸೇರಿದ, ಮುಂದೆ ಉಪದೇಶಿಯಾದ.

"ನಿಮಗ ಅದು ಮಠಧಂಗ ಕಾಣತೈತಿ, ಚಲೋ ಅನಸ್ತೈತಿ," ಎನ್ನುತ್ತಾನೆ. "ನಮ್ಮಜ್ಜಗ ಮಠದಾಗ ಎಲ್ಲೀತನಾ ಬಿಡತಿದ್ರು ಗೊತ್ತೈತೇನ್ರಿ ಸರ? ನೀವು ಚಪ್ಪಲಿ ಬಿಡೂ ಜಾಗಾ ಐತೆಲ್ಲ, ಅಲ್ಲೀತನಾ. ನಿಮ್ಮ ಚಪ್ಪಲಿ ಹೊಲದಾವ್ರು ಚಪ್ಪಲಿ ಹಂತ್ಯಾಕ ನಿಂದ್ರತಿದ್ರು. ಅಲ್ಲಿಂದ ತಪ್ಪಿಸ್ಕೊಂಡು ಬಂದಾವ್ರಿಗೆ ಈಗ ಯೇಸುಸ್ವಾಮೀನೂ ಮಠಾ ಕಟ್ಟಸ್ಕೊಂಡು ಕುಂತಾನ ಅಂದ್ರ ಹೆಂಗ?"

ಈ ಮಾತು ಅವನೊಬ್ಬನದಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಒಂದು ಭಾಷಣದಿಂದ ದಲಿತ ದೇವಶಾಸ್ತ್ರವೆಂಬ ವಿಚಾರ ಮೊಳೆಯಿತು. ಭಾರತೀಯತೆ ಎಂದು ಸಭೆ ಹುಡುಕುತ್ತಿರುವುದು ಮೇಲ್ಜಾತಿಯವರ ಭಾರತೀಯತೆಯನ್ನೇ, ವೇದಾಂತವನ್ನೇ, ಸಂನ್ಯಾಸವನ್ನೇ ಎಂಬುದು ಆ ಕಡೆಯವರ ಆಕ್ಷೇಪ. ಸಭೆಯೊಳಗಿನ ಬಹುಪಾಲು ಜನ ದಲಿತರಿರುವಾಗ ಅವರ ಹಲಗಿ, ಅವರ ಹಾಡು, ಅವರ ನೋವು ಏಕೆ ಭಾರತೀಯವಾಗಲಿಲ್ಲ? ಹನ್ನೆರಡು ಅಂಶಗಳಲ್ಲಿ ಆರತಿ ಇದೆ, ಅಂಗವಸ್ತ್ರವಿದೆ, ಹಲಗಿ ಇಲ್ಲ. ನೊಬಿಲಿಯ ಮಧುರೆಯಲ್ಲೂ ಮೇಲ್ಜಾತಿಯವರಿಗೆ ಬೇರೆ ಪಾದ್ರಿ, ಕೆಳಗಿನವರಿಗೆ ಬೇರೆ ಪಾದ್ರಿ ಎಂಬ ಏರ್ಪಾಡು ಬೆಳೆದಿತ್ತು.

ಗೆಳೆಯನ ಊರಿನ ಹಳೆಯ ಪ್ರಾರ್ಥನಾಲಯವನ್ನು ನಾನು ನೋಡಿದ್ದೇನೆ. ಮಣ್ಣಿನ ಗೋಡೆ, ಒಂದು ಮೇಜು, ಮೇಜಿನ ಮೇಲೆ ಬೈಬಲು. ಬೆಂಚು ಕೊಳ್ಳಲು ದುಡ್ಡಿರಲಿಲ್ಲ. ಹಾಗಾಗಿ ಜಮಖಾನದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂಡುತ್ತಿದ್ದರು. ಚಪ್ಪಲಿ ಹೊರಗೆ. ಹಾರ್ಮೋನಿಯಂ, ತಾಳ, ಭಜನೆಯ ಧಾಟಿಯ ಹಾಡು. ರೋಮಿನ ಕಾಗದ ಬರುವುದಕ್ಕೆ ಎಷ್ಟೋ ಮೊದಲು, ಯಾರ ಅಪ್ಪಣೆಯನ್ನೂ ಕೇಳದೆ, ಬಡತನವೇ ಅವರನ್ನು ನೆಲದ ಮೇಲೆ ಕೂಡಿಸಿತ್ತು. ಆಮೇಲೆ ಮಕ್ಕಳು ನೌಕರಿ ಹಿಡಿದು ದುಡ್ಡು ಕೂಡಿಸಿ ಬೆಂಚು ಮಾಡಿಸಿದರು. ನಾಲ್ಕು ತಲೆಮಾರು ನೆಲದ ಮೇಲೆ ಕುಳಿತವರಿಗೆ ದೇವರ ಮುಂದೆ ಬೆಂಚಿನ ಮೇಲೆ ಕೂಡುವುದೇ ಗೌರವ. ಅವರಿಗೆ ಮತ್ತೆ ನೆಲ ತೋರಿಸುವ ಪಾದ್ರಿ, ಎಷ್ಟೇ ಒಳ್ಳೆಯ ಮನಸ್ಸಿನವನಾದರೂ, ಸ್ವಲ್ಪ ಯೋಚಿಸಬೇಕು.

ಉಪದೇಶಿಯಾಗಿದ್ದ ಆ ಅಜ್ಜ ದೇವರ ಸನ್ನಿಧಿಯ ಬಗ್ಗೆ ದೊಡ್ಡ ಮಾತು ಹೇಳುತ್ತಿರಲಿಲ್ಲವಂತೆ. ಕರ್ತನ ಭೋಜನದ ಭಾನುವಾರ ಮಾತ್ರ ಮೂರು ಹರದಾರಿ ನಡೆದು ಬೇರೆ ಊರುಗಳವರೂ ಬರುತ್ತಿದ್ದರು. ಊರ ಬಾವಿಯ ನೀರನ್ನು ಮೇಲಿನಿಂದ ಸುರಿಸಿಕೊಂಡು ಬೊಗಸೆಯಲ್ಲಿ ಕುಡಿದು ಅಭ್ಯಾಸವಾದ ಜನ. ಅಲ್ಲಿ ಬಿಳಿಯ ಪಾದ್ರಿ ತಾನು ಮುಟ್ಟಿದ ರೊಟ್ಟಿಯನ್ನು ಇವರ ಕೈಗೆ ಇಡುತ್ತಿದ್ದ. ಒಂದೇ ತಾಟು. ಹೊಲೆಯರು ಮಾದಿಗರು ಎಂಬ ತಮ್ಮೊಳಗಿನ ಭೇದವನ್ನೂ ಆ ತಾಟಿನ ಮುಂದೆ ನುಂಗಬೇಕಾಗಿತ್ತು, ಕೆಲವರಿಗೆ ರೊಟ್ಟಿಗಿಂತ ಅದನ್ನು ನುಂಗುವುದೇ ಕಷ್ಟವಾಗಿತ್ತು ಎಂದು ಗೆಳೆಯ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ.

ನಾನು ಬಿಡದೆ, "ನಮ್ಮ ಮಠದಾಗ ದಾಸೋಹ ಐತೆಲ್ಲೋ, ಎಲ್ಲಾರ್ಗೂ ಅನ್ನ ಹಾಕ್ತಾರ," ಎಂದೆ.

"ಹಾಕ್ತಿದ್ರರಿ. ಪಂಕ್ತಿ ಎಷ್ಟ ಇದ್ದೂ?" ಎಂದ.

ಈಗ ಒಂದೇ ಪಂಕ್ತಿ ಎಂದೆ. ಈಗಿಂದು ಕೇಳಲಿಲ್ಲ ಎಂದ. ದೇಶನೂರಿಗೆ ನನ್ನ ಜೊತೆ ಬಾ, ಅಲ್ಲಿಯ ಬಲಿಪೂಜೆಯಲ್ಲೂ ಒಂದೇ ತಾಟಿನಿಂದ ಎಲ್ಲರಿಗೂ ಪ್ರಸಾದ ಕೊಡುತ್ತಾರೆ, ಕಾವಿಯನ್ನಷ್ಟೇ ನೋಡಬೇಡ ಎಂದು ಕರೆದೆ. ಬಂದ. ಕಣ್ಣು ಮುಚ್ಚಿ ಚೆನ್ನಾಗಿಯೇ ಕುಳಿತ. ಬರುವಾಗ ಬಸ್ಸಿನಲ್ಲಿ ಪದ್ಮಾಸನದ ಯೇಸು ಅವನಿಗೂ ಹಿಡಿಸಿದಂತೆ ಮಾತಾಡಿದ, ಸ್ವಾಮಿಗಳು ಬಡವರ ಜೊತೆ ಮಾತಾಡುವ ರೀತಿಯನ್ನು ಹೊಗಳಿದ. ನೇಸರಗಿ ದಾಟುವಷ್ಟರಲ್ಲಿ, "ಆದ್ರ ಸರ, ಹೆಸರಿಗೆ ಮಠಾನ ಯಾಕ ಬೇಕಾತು? ಕೇರಿ ಅಂತ ಇಟ್ಟಿದ್ರ ನೀವು ಬರತಿದ್ರೇನು?" ಎಂದು ಶುರು ಮಾಡಿದ. ಬೈಲಹೊಂಗಲದಲ್ಲಿ ಇಳಿಯುವವರೆಗೂ ನನಗೆ ಉತ್ತರ ಹೊಳೆಯಲಿಲ್ಲ. ಅವನು ಬಿಡುವ ಆಸಾಮಿಯಲ್ಲ, ಸಿಕ್ಕಾಗಲೆಲ್ಲ ಕೇಳುತ್ತಾನೆ.